ರಾಕ್ಷಸನಿಗೆ ಮನುಷ್ಯರ ಮೈಬಣ್ಣ ಯಾಕೆ?

ಮನೆಯ ಮಗುವಿಗೆ ಒಂದು ಬಿಳಿ ಹಾಳೆ, ಒಂದು ಡಬ್ಬಿ ಕ್ರೇಯಾನ್ ಕೊಟ್ಟು, ‘ನೀನು ನೋಡಿದ ಸಿನಿಮಾದ ವಿಲನ್‌ನ ಚಿತ್ರ ಬಿಡಿಸು’ ಎಂದು ಹೇಳಿ ನೋಡಿ. ಹೆಚ್ಚಿನ ಮಕ್ಕಳ ಕೈ ಮೊದಲು ಹೋಗುವುದು ಕಪ್ಪು ಕಡ್ಡಿಗೆ. ಕಣ್ಣು ಕೆಂಪು, ಹಲ್ಲು ಹೊರಗೆ, ಕೂದಲು ಗುಂಗುರು, ಮೈಯೆಲ್ಲ ಕಪ್ಪು. ಅದೇ ಮಗುವಿಗೆ ಹೀರೋನನ್ನು ಬಿಡಿಸಲು ಹೇಳಿದರೆ ಪಕ್ಕದವರ ಡಬ್ಬಿ ಇಣುಕಿ ಕೇಳುತ್ತದೆ, ‘ಸ್ಕಿನ್ ಕಲರ್ ಉಂಟಾ?’ ಸ್ಕಿನ್ ಕಲರ್ ಎಂದರೆ ಆ ಡಬ್ಬಿಯಲ್ಲಿರುವ ತಿಳಿ ಗುಲಾಬಿ, ಸ್ವಲ್ಪ ಕಿತ್ತಳೆ ಬೆರೆತ ಕಡ್ಡಿ. ಕೇಳುವ ಮಗುವಿನ ಕೈಯೂ ಆ ಬಣ್ಣದಲ್ಲಿಲ್ಲ, ಕೊಡುವ ಮಗುವಿನ ಕೈಯೂ ಇಲ್ಲ. ಬಹುಮಾನ ಕೊಡಲು ವೇದಿಕೆಯಲ್ಲಿ ಕೂತ ನಮ್ಮ ಮುಖಂಡರಲ್ಲಿ ಒಬ್ಬರ ಮುಖವೂ ಆ ಬಣ್ಣದ್ದಲ್ಲ. ಆದರೂ ಅದರ ಹೆಸರು ಸ್ಕಿನ್ ಕಲರ್.

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಸುದ್ದಿಗಾಗಿ ಬೈಕಿನಲ್ಲಿ ಸುತ್ತುವ ನಮಗೆ ಮಕ್ಕಳ ಚಿತ್ರಕಲಾ ಸ್ಪರ್ಧೆ ಹೊಸತಲ್ಲ. ಯುವಕ ಮಂಡಲದ ಬೆಳ್ಳಿಹಬ್ಬ, ಸಹಕಾರಿ ಸಂಘದ ವಾರ್ಷಿಕೋತ್ಸವ, ಗಣೇಶೋತ್ಸವ, ಅಷ್ಟಮಿ, ಎಲ್ಲದಕ್ಕೂ ಒಂದು ಸ್ಪರ್ಧೆ ಉಂಟು. ಅದರ ಸುದ್ದಿಯ ಅಚ್ಚೂ ಒಂದೇ. ಉದ್ಘಾಟಿಸಿದವರ ಹೆಸರು, ಉಪಸ್ಥಿತರಿದ್ದವರ ಹೆಸರು, ಸ್ವಾಗತಿಸಿದವರು, ವಂದಿಸಿದವರು, ಕೊನೆಯಲ್ಲಿ ಜಾಗ ಉಳಿದರೆ ಗೆದ್ದ ಮಕ್ಕಳು. ಮಕ್ಕಳು ಏನು ಬಿಡಿಸಿದರು ಎಂಬುದಕ್ಕೆ ಪತ್ರಿಕೆಯಲ್ಲಿ ಜಾಗ ಇಲ್ಲ. ಹಾಗಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ವಾದ ಸರಳ. ಮಕ್ಕಳು ವಿಲನ್‌ನನ್ನು ಬಿಡಿಸಲೇಬೇಕು, ಧಾರಾಳವಾಗಿ ಬಿಡಿಸಲಿ. ಆದರೆ ಕೆಟ್ಟತನ ತೋರಿಸಲು ಮನುಷ್ಯರ ಮೈಬಣ್ಣ ಬಳಸುವ ಚಿತ್ರವನ್ನು ‘ತುಂಬ ಚೆಂದ ಬಂದಿದೆ’ ಎಂದು ಬೆನ್ನು ತಟ್ಟುವುದನ್ನು ದೊಡ್ಡವರಾದ ನಾವು ನಿಲ್ಲಿಸಬೇಕು. ಅದಕ್ಕಿಂತ ನೂರು ಪಾಲು ಭಯಂಕರ ರಾಕ್ಷಸನನ್ನು ಕಟ್ಟುವ ವಿದ್ಯೆ ಈ ಜಿಲ್ಲೆಯಲ್ಲೇ ಇರುವಾಗ ಸಿನಿಮಾ ಪೋಸ್ಟರಿನ ಸೋಮಾರಿತನವನ್ನು ಮಕ್ಕಳಿಗೆ ಕಲಿಸುವುದು ಯಾವ ನ್ಯಾಯ?

ಮೊದಲು, ವಿಲನ್ ಯಾಕೆ ಬೇಕು ಎನ್ನುವುದು. ನಮ್ಮ ಸ್ಪರ್ಧೆಗಳ ವಿಷಯ ನೋಡಿ: ‘ಸ್ವಚ್ಛ ಭಾರತ’, ‘ಪರಿಸರ ಸಂರಕ್ಷಣೆ’, ‘ನನ್ನ ಕನಸಿನ ಊರು’. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಬಾಗಿದ ತೆಂಗಿನಮರ. ಕಾಪು ಕಡೆಯ ಮಕ್ಕಳಾದರೆ ಕಪ್ಪು ಬಿಳಿ ಪಟ್ಟೆಯ ದೀಪಸ್ತಂಭ. ಹತ್ತು ಚಿತ್ರ ಒಟ್ಟಿಗಿಟ್ಟರೆ ಯಾವುದು ಯಾರದ್ದೆಂದು ಬಿಡಿಸಿದವರಿಗೇ ಗೊತ್ತಾಗುವುದಿಲ್ಲ. ಟೀಚರ್ ಬೋರ್ಡಿನಲ್ಲಿ ಹಾಕಿದ್ದನ್ನು ನಕಲು ಮಾಡಿದರೆ ಮುಗಿಯಿತು, ಮಗು ಯೋಚಿಸಬೇಕಾದ್ದೇನೂ ಇಲ್ಲ. ವಿಲನ್‌ನನ್ನು ಬಿಡಿಸುವಾಗ ಹಾಗಲ್ಲ. ಅವನು ಯಾಕೆ ಕೆಟ್ಟವನು, ಅವನನ್ನು ಕಂಡರೆ ನನಗೆ ಹೆದರಿಕೆ ಯಾಕೆ, ಹೆದರಿಕೆ ಆದರೂ ಮತ್ತೆ ಮತ್ತೆ ನೋಡಬೇಕು ಅನಿಸುವುದು ಯಾಕೆ ಎಂದು ಮಗು ತನ್ನೊಳಗೇ ಕೇಳಿಕೊಳ್ಳಬೇಕಾಗುತ್ತದೆ. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗಲಿಕ್ಕಿಲ್ಲ.

ನಾವು ಸಣ್ಣವರಿದ್ದಾಗ ಹಾಗೆ ನೋಡಿದ ವಿಲನ್ ಎಂದರೆ ರಾಜ್‌ಕುಮಾರ್. 1983ರ ‘ಭಕ್ತ ಪ್ರಹ್ಲಾದ’ ಸಿನಿಮಾವನ್ನು ಟಿವಿಯಲ್ಲಿ ಹಾಕಿದಾಗ, ಟಿವಿ ಇದ್ದ ಒಂದು ಮನೆಯಲ್ಲಿ ಇಡೀ ಕೇರಿ ಸೇರುತ್ತಿತ್ತು. ಪ್ರಹ್ಲಾದನಾಗಿದ್ದ ಪುಟ್ಟ ಪುನೀತ್ ಎಲ್ಲರಿಗೂ ಇಷ್ಟ. ಆದರೆ ಶಾಲೆಯ ಪಟ್ಟಿ ಪುಸ್ತಕದ ಹಿಂದಿನ ಪುಟದಲ್ಲಿ ನಾವು ಬಿಡಿಸುತ್ತಿದ್ದುದು ಹಿರಣ್ಯಕಶಿಪುವನ್ನೇ. ಆ ಕಿರೀಟ, ಆ ಮೀಸೆ, ಎದೆ ಸೆಟೆಸಿ ನಡೆಯುವ ಆ ನಡಿಗೆ. ಅವನು ಕೆಟ್ಟವನೆಂದು ಗೊತ್ತಾಗಲು ಮೈಗೆ ಮಸಿ ಬಳಿಯಬೇಕಾಗಲಿಲ್ಲ. ಹುಬ್ಬು ಏರಿದರೆ ಸಾಕಿತ್ತು, ದನಿ ಇಳಿದರೆ ಸಾಕಿತ್ತು. ಅದಕ್ಕೂ ಮೊದಲು, 1959ರಲ್ಲಿ, ಅದೇ ರಾಜ್‌ಕುಮಾರ್ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರನಾಗಿದ್ದರು. ಕನ್ನಡ ನಾಡು ತಲೆಯ ಮೇಲೆ ಹೊತ್ತು ಮೆರೆದ ನಟ ಅಸುರನಾದ. ಜನ ಅಸುರನಿಗೂ ಚಪ್ಪಾಳೆ ತಟ್ಟಿದರು.

ಅಜ್ಜನ ಮನೆಯ ಅಟ್ಟದಲ್ಲಿ ಸಿಗುತ್ತಿದ್ದ ಹಳೆಯ ‘ಚಂದಮಾಮ’ದಲ್ಲೂ ಮಾಂತ್ರಿಕರು, ಬ್ರಹ್ಮರಾಕ್ಷಸರು ತುಂಬಿದ್ದರು. ಆ ಪತ್ರಿಕೆ ನಡೆಸಿದ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರೇ ‘ಪಾತಾಳ ಭೈರವಿ’ (1951), ‘ಮಾಯಾ ಬಜಾರ್’ (1957) ಸಿನಿಮಾಗಳನ್ನೂ ತೆಗೆದವರು. ‘ಪಾತಾಳ ಭೈರವಿ’ಯಲ್ಲಿ ಎಸ್.ವಿ. ರಂಗರಾವ್ ಮಾಡಿದ ಮಾಂತ್ರಿಕನಿಗೆ ಒಂದು ಚೂಪು ಗಡ್ಡ, ಒಂದು ಓರೆನೋಟ. ಅದೇ ರಂಗರಾವ್ ‘ಮಾಯಾ ಬಜಾರ್’ನಲ್ಲಿ ಘಟೋತ್ಕಚನಾದಾಗ ಮಕ್ಕಳು ರಾಕ್ಷಸನನ್ನು ಪ್ರೀತಿಸತೊಡಗಿದರು. ಹಳೆಯ ಸಿನಿಮಾಗಳೆಲ್ಲ ಪರಿಶುದ್ಧ ಎಂದು ನಾವು ಹೇಳುತ್ತಿಲ್ಲ. ಅವುಗಳಲ್ಲೂ ರಾಜನ ಸಭೆ ಬೆಳ್ಳಗೆ, ಹಿಂದೆ ಗದೆ ಹಿಡಿದು ನಿಂತ ಕಿಂಕರರು ಕಪ್ಪಗೆ. ಆದರೂ ಮುಖ್ಯ ವಿಲನ್‌ಗೆ ಒಂದು ಮುಖ ಇತ್ತು. ಬಿಡಿಸುವವನಿಗೆ ಆ ಮುಖದಲ್ಲಿ ಕೆಲಸ ಇತ್ತು.

ಈಗಿನ ಕಾಲೇಜು ಮಕ್ಕಳ ಬಾಲ್ಯದ ಸಿನಿಮಾ ಬೇರೆ. 2015ರಲ್ಲಿ ‘ಬಾಹುಬಲಿ’ ಬಂದಾಗ ಅವರು ಪ್ರೈಮರಿ ಶಾಲೆಯಲ್ಲಿದ್ದರು. ಆ ಸಿನಿಮಾದ ನಿಜವಾದ ವಿಲನ್ ಯಾರು? ಭಲ್ಲಾಳದೇವ. ರಾಜಕುಮಾರ, ಬೆಳ್ಳಗಿನವನು, ಕವಚ ತೊಟ್ಟವನು. ಅಣ್ಣತಮ್ಮಂದಿರ ನಡುವಿನ ಹೊಟ್ಟೆಕಿಚ್ಚಿನ ಕತೆ ಅದು. ಆದರೆ ಯುದ್ಧದಲ್ಲಿ ಸಾವಿರಗಟ್ಟಲೆ ಜನರನ್ನು ಕೊಂದು ಹಾಕಬೇಕು, ಕೊಲ್ಲುವಾಗ ನೋಡುವವರು ಶಿಳ್ಳೆ ಹೊಡೆಯಬೇಕು. ಆಗ ಭಲ್ಲಾಳದೇವನ ಬಣ್ಣ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಕಾಲಕೇಯರು ಬಂದರು. ಮೈಗೆ ಕಪ್ಪು, ಜಡೆಗಟ್ಟಿದ ಕೂದಲು, ಬಾಯಲ್ಲಿ ಯಾರಿಗೂ ಅರ್ಥವಾಗದ ಭಾಷೆ. ಆ ಭಾಷೆಯನ್ನು ಆ ಸಿನಿಮಾಕ್ಕಾಗಿಯೇ ಕಟ್ಟಿದ್ದು, ಅದಕ್ಕೆ ‘ಕಿಲಿಕಿ’ ಎಂಬ ಹೆಸರೂ ಉಂಟು. ಕಾಡಿನ ಜನ, ಕಪ್ಪು ಜನ, ತಿಳಿಯದ ಮಾತಿನ ಜನ: ಇವರನ್ನು ಕೊಂದರೆ ಯಾರೂ ಅಳುವುದಿಲ್ಲ ಎಂಬ ಲೆಕ್ಕಾಚಾರ. ಭಲ್ಲಾಳದೇವನನ್ನು ಬಿಡಿಸಬೇಕಾದರೆ ಅವನ ಕಣ್ಣಿನ ಅಸೂಯೆ ಬಿಡಿಸಲು ಬರಬೇಕು. ಕಾಲಕೇಯನಿಗೆ ಅದು ಬೇಡ, ಕಪ್ಪು ಕಡ್ಡಿ ಇದ್ದರೆ ಸಾಕು.

ಇದು ನಮ್ಮ ದೇಶದ ರೋಗ ಮಾತ್ರ ಎಂದು ತಿಳಿಯಬೇಡಿ. 1994ರ ‘ಲಯನ್ ಕಿಂಗ್’ ಕಾರ್ಟೂನು ನೋಡಿ. ಮುಫಾಸ ಮತ್ತು ಸ್ಕಾರ್ ಒಡಹುಟ್ಟಿದ ಸಿಂಹಗಳು. ಒಳ್ಳೆಯ ಅಣ್ಣ ಹೊಂಬಣ್ಣ, ಕೆಟ್ಟ ತಮ್ಮನ ಮೈ ಮಂಕು, ಕೇಸರ ಕಪ್ಪು. ಅಮೆರಿಕದ ಕ್ರೆಯೋಲಾ ಕಂಪನಿ ತನ್ನ ಡಬ್ಬಿಯ ಒಂದು ಕಡ್ಡಿಯನ್ನು ‘ಮಾಂಸದ ಬಣ್ಣ’ ಎಂದು ಕರೆಯುತ್ತಿತ್ತು. 1962ರಲ್ಲಿ ಆ ಹೆಸರು ತೆಗೆದು ‘ಪೀಚ್’ ಎಂದಿಟ್ಟಿತು. ನಮ್ಮಲ್ಲಿ ‘ಫೇರ್ ಆ್ಯಂಡ್ ಲವ್ಲಿ’ ತನ್ನ ಹೆಸರಿನ ಮೊದಲ ಪದ ಬದಲಿಸಿ ‘ಗ್ಲೋ’ ಆಗಲು 2020ರ ತನಕ ಕಾಯಬೇಕಾಯಿತು. ನಮ್ಮ ಶಾಲೆಯ ಬೆಂಚುಗಳಲ್ಲಿ ‘ಸ್ಕಿನ್ ಕಲರ್’ ಮಾತ್ರ ಇನ್ನೂ ಹಾಗೆಯೇ ಇದೆ.

ಸಿನಿಮಾದ ಬಾಹುಬಲಿ ಬಿಡಿ, ನಮ್ಮ ಕಾರ್ಕಳದ ಬಾಹುಬಲಿಯನ್ನು ನೋಡಿ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಮೂರ್ತಿ. ಗುಡ್ಡದ ಮೇಲೆ ಮಳೆ ಬಿಸಿಲಿಗೆ ಕಪ್ಪಾಗಿ ನಿಂತ ಕಲ್ಲು. ಆ ಕತೆಯ ವಿಲನ್ ಯಾರು? ಕಾಡಿನಿಂದ ಬಂದ ಜನರಲ್ಲ, ಸ್ವಂತ ಅಣ್ಣ ಭರತ. ಯುದ್ಧದಲ್ಲಿ ಸೋತಾಗ ತಮ್ಮನ ಮೇಲೆ ಚಕ್ರವನ್ನೇ ಬಿಟ್ಟವನು. ಅವನು ಕೂಡ ಕೊನೆಗೆ ತಲೆ ತಗ್ಗಿಸಿದ, ತಮ್ಮ ರಾಜ್ಯ ಬಿಟ್ಟು ತಪಸ್ಸಿಗೆ ಹೋದ. ಪಂಪ ‘ಆದಿಪುರಾಣ’ದಲ್ಲಿ ಹೇಳಿದ ಕತೆ ಇದು, ಸಾವಿರ ವರ್ಷ ದಾಟಿತು. ಕೆಟ್ಟತನ ನಮ್ಮದೇ ಮನೆಯಲ್ಲಿ, ನಮ್ಮದೇ ಬಣ್ಣದಲ್ಲಿ, ನಮ್ಮದೇ ರಕ್ತದಲ್ಲಿ ಹುಟ್ಟುತ್ತದೆ ಎಂದು ಗೊತ್ತಿದ್ದ ನಾಡು ಇದು. ಆ ಹೆಸರು ಹೊತ್ತ ಸಿನಿಮಾಕ್ಕೆ ಮಾತ್ರ ಹೊರಗಿನಿಂದ ಕಪ್ಪು ಜನ ಬೇಕಾದರು.

ಉಡುಪಿಯ ವಿಷಯಕ್ಕೆ ಬನ್ನಿ. ಕೃಷ್ಣ ಎಂದರೇ ಕಪ್ಪು. ಮಠದ ಕಿಂಡಿಯಲ್ಲಿ ಕಾಣುವ ಮೂರ್ತಿಯೂ ಕಪ್ಪು. ಆದರೆ ಅಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆಗೆ ಬರುವ ಮಕ್ಕಳ ಮುಖಕ್ಕೆ ಪೌಡರ್ ಎಷ್ಟು ದಪ್ಪ ಎಂದರೆ ಬೆವರು ಇಳಿದ ಕಡೆ ಗೆರೆ ಬೀಳುತ್ತದೆ. ಇನ್ನು ಕೆಲವರಿಗೆ ನೀಲಿ. ಕಪ್ಪು ಕೃಷ್ಣನನ್ನು ನಾವು ಇದುವರೆಗೆ ಒಂದು ವೇದಿಕೆಯಲ್ಲೂ ಕಂಡಿಲ್ಲ. ಕಪ್ಪು ದೇವರ ಊರಿನಲ್ಲಿ ಕಪ್ಪು ಬಣ್ಣ ಪೂರ್ತಿ ರಾಕ್ಷಸರ ಪಾಲಾಗಿದೆ. ರಾವಣನಾದರೋ ವಿಶ್ರವಸ್ ಮುನಿಯ ಮಗ, ಪುಲಸ್ತ್ಯನ ಮೊಮ್ಮಗ. ಅವನ ಮೈಗೆ ಕಪ್ಪು, ಶ್ಯಾಮಲವರ್ಣದ ರಾಮನಿಗೆ ಸ್ಕಿನ್ ಕಲರ್!

‘ಮಕ್ಕಳ ಚಿತ್ರಕ್ಕೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ, ದೊಡ್ಡವರಾದ ಮೇಲೆ ಮರೆತು ಹೋಗುತ್ತದೆ’ ಎನ್ನುವವರು ಇದ್ದಾರೆ. ಮರೆತು ಹೋಗುವುದಿಲ್ಲ. ಹಾಳೆಯ ಮೇಲೆ ಹಚ್ಚಿದ ಕಪ್ಪು ದೊಡ್ಡವರಾದ ಮೇಲೆ ಮೈಮೇಲೆ ಬರುತ್ತದೆ. ಅಷ್ಟಮಿಗೆ, ನವರಾತ್ರಿಗೆ ಮೈಗೆಲ್ಲ ಮಸಿ ಬಳಿದು, ತಲೆಗೆ ಹಾಳೆಯ ಟೊಪ್ಪಿ ಇಟ್ಟು, ‘ಕೊರಗ ವೇಷ’ ಎಂದು ಅಂಗಡಿ ಅಂಗಡಿಗೆ ಹೋಗಿ ದುಡ್ಡು ಕೇಳುವುದನ್ನು ಈ ಕರಾವಳಿ ಬಹಳ ವರ್ಷ ತಮಾಷೆ ಎಂದೇ ನೋಡಿತು. ತಮಾಷೆ ಯಾರ ಬಗ್ಗೆ? ನಮ್ಮ ಜೊತೆಗೇ ಇರುವ, ಬುಟ್ಟಿ ಹೆಣೆದು ಡೋಲು ಬಾರಿಸಿ ಬದುಕಿದ, ತಮ್ಮದೇ ಭಾಷೆ ಇರುವ ಒಂದು ಆದಿವಾಸಿ ಸಮುದಾಯದ ಬಗ್ಗೆ. ಈ ಜನರನ್ನು ಕೀಳಾಗಿ ಕಾಣುವ, ಊಟದಲ್ಲಿ ಕೂದಲು ಉಗುರು ಬೆರೆಸಿ ಕೊಡುವ, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು ಸರ್ಕಾರ 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಕೊರಗ ವೇಷವನ್ನು ಆ ಸಮುದಾಯದ ಸಂಘಟನೆಗಳು ಪ್ರತಿಭಟಿಸಿದವು, ಅಧಿಕಾರಿಗಳು ಎಚ್ಚರಿಕೆ ಕೊಟ್ಟರು. ಈಗ ಕಡಿಮೆಯಾಗಿದೆ. ಆದರೆ ಕಪ್ಪು ಮೈ, ಗುಂಗುರು ಕೂದಲು, ಕಾಡಿನ ಜನ ಎಂದರೆ ಒಂದೋ ನಗುವುದಕ್ಕೆ, ಇಲ್ಲವೇ ಕೊಲ್ಲುವುದಕ್ಕೆ ಎಂಬ ಆ ಹಳೆಯ ಪಾಠ ಬೀದಿಯಿಂದ ಎದ್ದು ಪರದೆಗೆ ಹೋಗಿದೆ. ಪರದೆಯಿಂದ ಇಳಿದು ಶಾಲೆಯ ಹಾಳೆಗೆ ಬಂದಿದೆ.

ಆ ಶಾಲೆಯ ಅದೇ ಬೆಂಚಿನಲ್ಲಿ ಕೊರಗರ ಕಾಲನಿಯ ಮಗುವೂ ಕೂತಿರುತ್ತದೆ ಎಂಬುದನ್ನು ತೀರ್ಪುಗಾರರು ಮರೆಯಬಾರದು. ಮೊದಲ ಬಹುಮಾನ ಬಂದ ರಾಕ್ಷಸನ ಚಿತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದಾಗ, ಆ ಮಗುವನ್ನು ನೋಡಿ ಪಕ್ಕದವರು ಏನು ಹೇಳುತ್ತಾರೆ ಎಂದು ಊಹಿಸಲು ಮನಶ್ಶಾಸ್ತ್ರ ಓದಬೇಕಾಗಿಲ್ಲ. ಕಪ್ಪಗಿರುವ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಸಿನಿಮಾ ಬಿಟ್ಟ ಮರುದಿನ ಶಾಲೆಯಲ್ಲಿ ತನಗೆ ಯಾವ ಅಡ್ಡಹೆಸರು ಬಿತ್ತು ಎಂದು.

ಹಾಗಾದರೆ ರಾಕ್ಷಸನನ್ನು ಬಿಡಿಸುವುದು ಹೇಗೆ? ಅದಕ್ಕೆ ಮಣಿಪಾಲದ ದುಬಾರಿ ಆರ್ಟ್ ಕ್ಲಾಸಿಗೆ ಹೋಗಬೇಕಿಲ್ಲ. ನವೆಂಬರದಿಂದ ಮೇ ತನಕ ಯಾವುದಾದರೂ ಒಂದು ಗದ್ದೆಯಲ್ಲಿ ಆಟ ಇದ್ದೇ ಇರುತ್ತದೆ. ಮಗುವಿನ ಕೈ ಹಿಡಿದು ಸ್ವಲ್ಪ ಬೇಗ ಹೋಗಿ, ಕೇಳಿಕೊಂಡು ಚೌಕಿಯ ಒಂದು ಬದಿಯಲ್ಲಿ ಕೂರಿ. ಬಣ್ಣದ ವೇಷ ತಯಾರಾಗುವುದನ್ನು ನೋಡಿ. ಅಕ್ಕಿ ಅರೆದು ಸುಣ್ಣ ಬೆರೆಸಿದ ಹಿಟ್ಟನ್ನು ಕಡ್ಡಿಯಲ್ಲಿ ಅದ್ದಿ, ಮುಖದ ಮೇಲೆ ಚಿಟ್ಟಿ ಇಡುತ್ತಾರೆ. ಒಂದೊಂದೇ ಚುಕ್ಕಿ, ಒಂದರ ಮೇಲೊಂದು, ಮುಳ್ಳಿನ ಹಾಗೆ ಎದ್ದು ನಿಲ್ಲುವ ತನಕ. ಗಂಟೆಗಟ್ಟಲೆ ಕೆಲಸ. ರಾಜವೇಷದವರು ಬಂದು ಬಣ್ಣ ಹಚ್ಚಿ ಎದ್ದು ಹೋದರೂ ರಾಕ್ಷಸ ಕನ್ನಡಿ ಹಿಡಿದು ಕೂತೇ ಇರುತ್ತಾನೆ. ನಮ್ಮ ಹಿರಿಯರು ದೇವರಿಗಿಂತ ಹೆಚ್ಚು ಶ್ರಮವನ್ನು ರಾಕ್ಷಸನ ಮುಖಕ್ಕೆ ಇಟ್ಟಿದ್ದರು.

ಆ ಮುಖದಲ್ಲಿ ಕಪ್ಪು ಇಲ್ಲವೆಂದಲ್ಲ, ಇದೆ. ಕೆಂಪು, ಬಿಳಿ, ಹಳದಿಯ ಜೊತೆ ಕಪ್ಪೂ ಒಂದು ಗೆರೆ, ಒಂದು ಅಂಚು, ಒಂದು ನೆರಳು. ಅದು ಯಾರ ಮೈಯ ಬಣ್ಣವೂ ಅಲ್ಲ. ಬಣ್ಣದ ವೇಷವನ್ನು ನೋಡಿ ‘ಇವನು ಇಂಥ ಜಾತಿಯವನ ಹಾಗೆ ಇದ್ದಾನೆ’ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ, ಏಕೆಂದರೆ ಅಂಥ ಮುಖ ಭೂಮಿಯ ಮೇಲೆ ಯಾರಿಗೂ ಇಲ್ಲ. ‘ದೇವಿಮಹಾತ್ಮೆ’ಯ ಮಹಿಷಾಸುರ ಜನರ ಹಿಂದಿನಿಂದ, ದೊಂದಿಯ ಬೆಂಕಿಯ ನಡುವೆ ಅಬ್ಬರಿಸುತ್ತ ಬರುವಾಗ ನಿದ್ದೆಯಲ್ಲಿದ್ದ ಮಗು ಎದ್ದು ಅಮ್ಮನ ಸೆರಗು ಹಿಡಿಯುತ್ತದೆ. ಆ ಹೆದರಿಕೆ ನಿಜವಾದದ್ದು. ಆದರೆ ಮರುದಿನ ದಾರಿಯಲ್ಲಿ ಯಾವ ಮನುಷ್ಯನನ್ನು ಕಂಡೂ ಆ ಮಗು ಹೆದರುವುದಿಲ್ಲ. ಒಳ್ಳೆಯ ರಾಕ್ಷಸನಿಗೂ ಕೆಟ್ಟ ರಾಕ್ಷಸನಿಗೂ ಇರುವ ವ್ಯತ್ಯಾಸ ಇದು. ಬಣ್ಣದ ಮಾಲಿಂಗರಂಥವರು ವೇಷದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಬಾಳಿದರು. ರಾಕ್ಷಸನನ್ನು ಕಟ್ಟುವುದು ಇಲ್ಲಿ ಮರ್ಯಾದೆಯ ಕೆಲಸ.

ಯಕ್ಷಗಾನದ ಕಡೆ ಬೆರಳು ತೋರಿಸಿದ ಮಾತ್ರಕ್ಕೆ ಅದರಲ್ಲಿ ತಪ್ಪಿಲ್ಲ ಎಂದಾಗುವುದಿಲ್ಲ. ಹಾಸ್ಯದ ವೇಷಗಳಲ್ಲಿ ಒಂದೊಂದು ಜಾತಿಯ ಮಾತಿನ ಧಾಟಿಯನ್ನು ಗೇಲಿ ಮಾಡುವುದು ಇನ್ನೂ ನಿಂತಿಲ್ಲ. ಅದನ್ನು ಇನ್ನೊಂದು ದಿನ ಬರೆಯುತ್ತೇವೆ. ಇಲ್ಲಿ ಹೇಳುತ್ತಿರುವುದು ಬಣ್ಣದ ವೇಷದ ಮುಖದ ಬಗ್ಗೆ ಮಾತ್ರ.

ಸಿನಿಮಾವೇ ಬೇಕು ಎನ್ನುವವರಿಗೂ ನಮ್ಮಲ್ಲೇ ಉದಾಹರಣೆ ಉಂಟು. ಕಾಪು ತಾಲೂಕಿನ ಕಟಪಾಡಿಯ ರವಿ ಅವರನ್ನು ಯಾರಿಗೆ ಗೊತ್ತಿಲ್ಲ? ಕೂಲಿ ಕೆಲಸದಲ್ಲಿ ಬದುಕುವವರು. ಅಷ್ಟಮಿ, ವಿಟ್ಲಪಿಂಡಿ ಬಂದಾಗ ಇಂಗ್ಲಿಷ್ ಫ್ಯಾಂಟಸಿ ಸಿನಿಮಾಗಳ ರಾಕ್ಷಸರಾಗಿ ಬೀದಿಗೆ ಇಳಿದವರು. ಒಮ್ಮೆ ಹಾಕಿದರೆ ಕಳಚುವ ತನಕ ನೆಟ್ಟಗೆ ಊಟ ಮಾಡಲೂ ಆಗದಂಥ ವೇಷ. ಹಾಗೆ ಸಂಗ್ರಹಿಸಿದ ಲಕ್ಷಾಂತರ ರೂಪಾಯಿಯನ್ನು ಕಾಯಿಲೆ ಬಿದ್ದ ಬಡ ಮಕ್ಕಳ ಚಿಕಿತ್ಸೆಗೆ ಕೊಟ್ಟಿದ್ದಾರೆ. ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ ಅಮಿತಾಭ್ ಬಚ್ಚನ್ ಎದುರು ಕೂತು ಬಂದವರು. ಅದೇ ಅಷ್ಟಮಿ, ಅದೇ ಬೀದಿ, ಅದೇ ಡಬ್ಬಿ. ಒಂದು ಕಡೆ ಮಸಿ ಬಳಿದು ಒಂದು ಸಮುದಾಯವನ್ನು ಗೇಲಿ ಮಾಡಿ ದುಡ್ಡು ಎತ್ತಿದವರು, ಇನ್ನೊಂದು ಕಡೆ ಯಾರನ್ನೂ ನೋಯಿಸದ ರಾಕ್ಷಸನಾಗಿ ಮಕ್ಕಳ ಆಸ್ಪತ್ರೆ ಖರ್ಚಿಗೆ ದುಡ್ಡು ಎತ್ತಿದವರು. ಎರಡನ್ನೂ ‘ವೇಷ’ ಎಂಬ ಒಂದೇ ಪದದಲ್ಲಿ ಕರೆಯುವುದೇ ಅನ್ಯಾಯ.

2022ರ ‘ಕಾಂತಾರ’ವನ್ನೂ ನೆನಪಿಸಿಕೊಳ್ಳಿ. ಅಚ್ಯುತ್ ಕುಮಾರ್ ಮಾಡಿದ ಧಣಿಯ ಪಾತ್ರ. ಸಾಧು ನಡವಳಿಕೆ, ಊರಿಗೆಲ್ಲ ಬೇಕಾದವರು, ಕೊನೆಗೆ ನೋಡಿದರೆ ಊರಿನ ಭೂಮಿಯನ್ನೇ ನುಂಗಲು ಹೊರಟವರು. ಅಂಥ ವಿಲನ್‌ನನ್ನು ಬಿಡಿಸು ಎಂದು ಮಗುವಿಗೆ ಹೇಳಿ. ಹಲ್ಲಿಲ್ಲ, ಕೋಡಿಲ್ಲ, ಕಪ್ಪಿಲ್ಲ. ನಗುವ ಮುಖದಲ್ಲಿ ಮೋಸವನ್ನು ಎಲ್ಲಿ ತೋರಿಸುವುದು? ಕಣ್ಣಿನಲ್ಲೋ, ಕೈ ಹಿಡಿದ ರೀತಿಯಲ್ಲೋ, ಹಿಂದೆ ಬಿದ್ದ ನೆರಳಿನಲ್ಲೋ? ಅರ್ಧ ಗಂಟೆ ಪೆನ್ಸಿಲ್ ಕಚ್ಚುತ್ತ ಕೂತ ಮಗು ಜೀವನಪೂರ್ತಿ ಉಪಯೋಗಕ್ಕೆ ಬರುವ ಒಂದು ಸಂಗತಿ ಕಲಿತು ಏಳುತ್ತದೆ. ಭೂಮಿ ನುಂಗುವವರು, ಹೊಳೆಯ ಹೊಯಿಗೆ ಕದಿಯುವವರು, ಬಡವರ ರೇಷನ್ ಅಕ್ಕಿ ಮಾರುವವರು ಸಾಮಾನ್ಯವಾಗಿ ಇಸ್ತ್ರಿ ಹಾಕಿದ ಬಿಳಿ ಬಟ್ಟೆಯಲ್ಲೇ ಬರುತ್ತಾರೆ. ಇದನ್ನು ಸುದ್ದಿಗೆ ಓಡಾಡುವ ನಾವು ಹೇಳಿದರೆ ನೀವು ನಂಬಬೇಕು.

‘ಕತ್ತಲೆ ಕಪ್ಪು, ಭಯ ಕತ್ತಲೆಯಿಂದ ಬರುತ್ತದೆ, ಅದು ಸಹಜ’ ಎಂಬ ವಾದವೂ ಉಂಟು. ಸರಿ, ರಾತ್ರಿಯನ್ನು ಕಪ್ಪಾಗಿಯೇ ಬಿಡಿಸಲಿ. ಆ ರಾತ್ರಿಯಲ್ಲಿ ಬರುವವನ ಚರ್ಮ ಕಪ್ಪಾಗಬೇಕೆಂದು ಕತ್ತಲೆ ಹೇಳಿಲ್ಲ. ಹುಲಿವೇಷದ ತಂಡಗಳಲ್ಲಿ ಪಟ್ಟೆ ಪಿಲಿಯ ಪಕ್ಕದಲ್ಲಿ ಕಪ್ಪು ಪಿಲಿಯೂ ಕುಣಿಯುತ್ತದೆ, ಅದನ್ನು ನೋಡಿ ಯಾರೂ ‘ವಿಲನ್ ಬಂದ’ ಎನ್ನುವುದಿಲ್ಲ. ಕಪ್ಪನ್ನು ಡಬ್ಬಿಯಿಂದ ತೆಗೆದು ಎಸೆಯಿರಿ ಎಂದು ನಾವು ಹೇಳುತ್ತಿಲ್ಲ. ಹೀರೋಗೂ ಕೊಡಿ, ರಾಜಕುಮಾರಿಗೂ ಕೊಡಿ, ಕೃಷ್ಣನದ್ದನ್ನು ಕೃಷ್ಣನಿಗೆ ವಾಪಸು ಕೊಡಿ ಎನ್ನುತ್ತಿದ್ದೇವೆ.

ಈ ವರ್ಷದ ಸ್ಪರ್ಧೆಗಳ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲು ಸಂಘಟಕರಲ್ಲಿ ನಾಲ್ಕು ಕೋರಿಕೆ. ‘ಸ್ವಚ್ಛ ಭಾರತ’ಕ್ಕೆ ಒಂದು ವರ್ಷ ರಜೆ ಕೊಟ್ಟು, ‘ನನ್ನ ಇಷ್ಟದ ಸಿನಿಮಾದ ವಿಲನ್’ ಎಂಬ ವಿಷಯ ಇಡಿ. ಚಿತ್ರದ ಕೆಳಗೆ ‘ಇವನು ಯಾಕೆ ಕೆಟ್ಟವನು?’ ಎಂದು ಎರಡು ಸಾಲು ಬರೆಯಲು ಹೇಳಿ, ಆ ಎರಡು ಸಾಲಿಗೂ ಅಂಕ ಇಡಿ. ತೀರ್ಪುಗಾರರ ಪೈಕಿ ಒಬ್ಬರಾದರೂ ಬಣ್ಣದ ವೇಷದ ಕಲಾವಿದರಿರಲಿ. ಮತ್ತು ಕಪ್ಪು ಮೈಯನ್ನಷ್ಟೇ ನಂಬಿ ಬಂದ ರಾಕ್ಷಸನಿಗೆ ಬಹುಮಾನ ಕೊಡಬೇಡಿ. ಮಗುವನ್ನು ಬೈಯಬೇಡಿ, ಪಕ್ಕಕ್ಕೆ ಕರೆದು ‘ಇವನ ಕೆಟ್ಟತನ ಎಲ್ಲಿದೆ, ನನಗೆ ತೋರಿಸು ನೋಡುವ’ ಎಂದು ಕೇಳಿ, ಇನ್ನೊಂದು ಹಾಳೆ ಕೊಡಿ.

ನಮ್ಮ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇವೆ. ಹೀಗೆ ನಡೆಸಿದ ಸ್ಪರ್ಧೆ ಯಾವ ಮೂಲೆಯ ಶಾಲೆಯಲ್ಲಿದ್ದರೂ, ಅದು ಬೈಲೂರಾಗಲಿ, ಪಡುಬಿದ್ರಿಯಾಗಲಿ, ನಾವು ಬರುತ್ತೇವೆ. ಅತಿಥಿಗಳ ಗ್ರೂಪ್ ಫೋಟೋ ಇಲ್ಲಿ ಹಾಕುವುದಿಲ್ಲ. ಮಕ್ಕಳು ಬಿಡಿಸಿದ ರಾಕ್ಷಸರ ಚಿತ್ರ ಹಾಕುತ್ತೇವೆ, ಆ ಎರಡೆರಡು ಸಾಲುಗಳ ಸಮೇತ.